ವೇದಿಕೆ ಹತ್ತಬೇಡಿ ಸಾಹೇಬ್ರೇ: ಭೀಮಾ ದಂಡೆಯಿಂದ ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ,

ಶರಣು ಶರಣಾರ್ಥಿ.

ಮುಂದಿನ ಸಲ ಭೀಮೆಗೆ ನೆರೆ ಬಂದಾಗ ಯಾವುದಾದರೂ ಟಿವಿ ಚಾನೆಲ್‌ನವರು ನಿಮ್ಮ ಹತ್ತಿರ ಬರಬಹುದು. ಸಿನಿಮಾ ನಟರನ್ನು ಕರೆಸಿ ಸಂತ್ರಸ್ತರಿಗಾಗಿ ದೇಣಿಗೆ ಎತ್ತುತ್ತೇವೆ, ನೀವು ವೇದಿಕೆ ಮೇಲೆ ಇರಲೇಬೇಕು ಅನ್ನಬಹುದು. ದಯವಿಟ್ಟು ಒಪ್ಪಬೇಡಿ. ಇಷ್ಟು ಹೇಳೋಕೇ ಈ ಪತ್ರ. ನೀರು ಊರೊಳಗೆ ಬಂದ ಮೇಲೆ ಇಂಥ ಮಾತು ಯಾರ ಕಿವಿಗೂ ಬೀಳಲ್ಲ, ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ಇಂಥ ಕಾರ್ಯಕ್ರಮ ನೀವೂ ನೋಡಿರುತ್ತೀರಿ. ಬಣ್ಣದ ಲೈಟು, ಒಂದು ಡಾನ್ಸು, ಒಂದು ಕಾಮಿಡಿ. ಆಮೇಲೆ ಇದ್ದಕ್ಕಿದ್ದಂತೆ ಪಿಟೀಲಿನ ಶೋಕರಾಗ, ಪರದೆ ತುಂಬ ಅಳುವ ಅಜ್ಜಿಯ ಮುಖ. ಕೆಳಗೆ ಕ್ಯೂಆರ್ ಕೋಡ್. ನಟರು ಕಣ್ಣೊರೆಸಿಕೊಂಡು "ನಿಮ್ಮ ಕೈಲಾದಷ್ಟು ಕೊಡಿ" ಅನ್ನುತ್ತಾರೆ. ಯಾರಿಗೆ ಅನ್ನುತ್ತಾರೆ? ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದಲ್ಲಿ ಆಟೊ ಓಡಿಸುವವನಿಗೆ. ಶಹಾಬಾದದ ಕಲ್ಲು ಗಣಿಯಲ್ಲಿ ದಿನಗೂಲಿ ಮಾಡುವವಳಿಗೆ. ಒಂದು ಸಿನಿಮಾಕ್ಕೆ ಕೋಟಿಗಟ್ಟಲೆ ತೆಗೆದುಕೊಳ್ಳುವವರು ಮನೆಯಲ್ಲಿ ಕೂತು ಮುಖ್ಯಮಂತ್ರಿ ಪರಿಹಾರ ನಿಧಿಗೆ ಒಂದು ಚೆಕ್ ಬರೆದರೆ ಮುಗಿಯಿತು. ಹಳೆ ತೆರಿಗೆ ಪದ್ಧತಿಯಲ್ಲಿದ್ದರೆ ಕೊಟ್ಟದ್ದಕ್ಕೆ ತೆರಿಗೆ ವಿನಾಯಿತಿಯೂ ಸಿಗುತ್ತದೆ. ಅದು ಬಿಟ್ಟು ಆಟೊದವನ ನೂರು ರೂಪಾಯಿಗೆ ಕೈ ಚಾಚುತ್ತಾರೆ. ಮಾರನೇ ದಿನ ಪೇಪರಿನಲ್ಲಿ ದೊಡ್ಡ ಮನಸ್ಸು ಅಂತ ನಟರ ಫೋಟೊ ಬರುತ್ತದೆ. ಜನ ರೇಗುವುದು ಇದಕ್ಕೇ. ಹಾಗೆ ರೇಗುವವರನ್ನು ಕಲ್ಲು ಮನಸ್ಸಿನವರು ಅಂತ ಸುಮ್ನೆ ತಳ್ಳಿಹಾಕಬಾರದು.

ಕೊಡುವುದು ನಮ್ಮ ಕಡೆ ಹೊಸದೇನಲ್ಲ. ಶರಣಬಸವೇಶ್ವರರ ದಾಸೋಹದ ಊರು ಇದು. ಪಂಗ್ತಿಯಲ್ಲಿ ಕೂತವರನ್ನು ಯಾರೂ "ನಿನ್ನ ಕಷ್ಟ ಏನು, ಸ್ವಲ್ಪ ಅತ್ತು ತೋರಿಸು" ಅನ್ನುವುದಿಲ್ಲ. ನೆರೆ ಬಂದಾಗ ಪಕ್ಕದ ಊರಿನ ಹೆಣ್ಣುಮಕ್ಕಳು ರಾತ್ರಿಯೆಲ್ಲ ರೊಟ್ಟಿ ಬಡಿದು, ಶೇಂಗಾ ಹಿಂಡಿ ಕಟ್ಟಿ, ಟಂಟಂನಲ್ಲಿ ಹಾಕಿ ಕಳಿಸುತ್ತಾರೆ. ಆ ಗಂಟಿನ ಮೇಲೆ ಯಾರ ಹೆಸರೂ ಇರಲ್ಲ.

ಈ ಬೇಸರ ನಮ್ಮದೊಂದೇ ಅಲ್ಲ. ಬ್ರಿಟನ್ನಿನಲ್ಲಿ ಐಟಿವಿ ಎಂಬ ಚಾನೆಲ್ 1988, 1990, 1992ರಲ್ಲಿ ತಾರೆಯರನ್ನು ಕೂರಿಸಿಕೊಂಡು, ಒಂದು ಇಡೀ ದಿನಕ್ಕೂ ಜಾಸ್ತಿ ಹೊತ್ತು ದೇಣಿಗೆ ಕಾರ್ಯಕ್ರಮ ನಡೆಸಿತು. ಹೆಚ್ಚಾಗಿ ಅಂಗವಿಕಲರ ಹೆಸರಿನಲ್ಲಿ. 1990ರಲ್ಲೂ 1992ರಲ್ಲೂ ಅದೇ ಅಂಗವಿಕಲರು ಲಂಡನ್ನಿನ ಸ್ಟುಡಿಯೊ ಮುಂದೆ ಬಂದು ಪ್ರತಿಭಟಿಸಿದರು. ಎರಡನೇ ಸಲ ಸಾವಿರಕ್ಕೂ ಹೆಚ್ಚು ಜನ, ಗಾಲಿಕುರ್ಚಿಯಲ್ಲಿ, ಊರುಗೋಲು ಹಿಡಿದು. ದಾನ ಬೇಡ, ಹಕ್ಕು ಕೊಡಿ ಅನ್ನುವುದು ಅವರ ಕೂಗು. (ಟೀ ಶರ್ಟಿನ ಮೇಲೆ ಇನ್ನೊಂದು ಘೋಷಣೆ ಇತ್ತು. ಕನಿಕರದ ಮೇಲೆ ಏನು ಹುಯ್ಯಬೇಕು ಅಂತ ಅದರಲ್ಲಿ ಬರೆದಿತ್ತು. ಶಾಸಕರಿಗೆ ಬರೆಯುವ ಪತ್ರದಲ್ಲಿ ಅದನ್ನು ಬಿಡಿಸಿ ಹೇಳಲಾರೆ.) ಅವರಿಗೆ ಬೇಕಿದ್ದದ್ದು ಹತ್ತಲು ಬರುವ ಬಸ್ಸು, ಕೆಲಸ, ಕಾನೂನು. ಟಿವಿಯಲ್ಲಿ ತೋರಿಸಿದ್ದು ಪಾಪದ ಮುಖ. 1992ರ ನಂತರ ಐಟಿವಿ ಆ ಕಾರ್ಯಕ್ರಮ ಮತ್ತೆ ಮಾಡಲಿಲ್ಲ.

ಇನ್ನೊಂದು ಉದಾಹರಣೆ ನಿಮಗೆ ಹತ್ತಿರದ್ದು, ಯಾಕೆಂದರೆ ಅಲ್ಲಿ ಮಾತಾಡಿದ್ದು ಒಬ್ಬ ಜನಪ್ರತಿನಿಧಿ. 2019ರಲ್ಲಿ ಬ್ರಿಟನ್ನಿನ ಸಂಸದ ಡೇವಿಡ್ ಲ್ಯಾಮಿ, ಕಾಮಿಕ್ ರಿಲೀಫ್ ಎಂಬ ದೇಣಿಗೆ ಎತ್ತುವ ಸಂಸ್ಥೆ ಟಿವಿ ತಾರೆಯರನ್ನು ಆಫ್ರಿಕಾಕ್ಕೆ ಕಳಿಸಿ ಅಲ್ಲಿನ ಮಕ್ಕಳನ್ನು ಎತ್ತಿಕೊಂಡು ಫೋಟೊ ತೆಗೆಸುವುದನ್ನು ಪ್ರಶ್ನಿಸಿದರು. ಬೈಗುಳ ಬಂತು. ಆ ವರ್ಷದ ಸಂಗ್ರಹ ಹಿಂದಿನ ಸಲಕ್ಕಿಂತ ಕಡಿಮೆಯಾಯಿತು, ಅದಕ್ಕೂ ಅವರನ್ನೇ ದೂರಿದವರಿದ್ದರು. ಆದರೆ 2020ರಲ್ಲಿ ಅದೇ ಸಂಸ್ಥೆ ಇನ್ನು ತಾರೆಯರನ್ನು ಹಾಗೆ ಕಳಿಸುವುದಿಲ್ಲ, ಅಲ್ಲಿನವರೇ ತಮ್ಮ ಕಥೆ ಚಿತ್ರಿಸಲಿ ಎಂದು ತೀರ್ಮಾನಿಸಿತು.

ದುಡ್ಡು ಬರುತ್ತಲ್ಲಾ, ಹೇಗೆ ಬಂದರೇನು ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹಸಿದವನಿಗೆ ಅಕ್ಕಿ ಯಾರು ಕೊಟ್ಟರೂ ಅಕ್ಕಿಯೇ. 2009ರ ನೆರೆ ಆದ ಮೇಲೆ ದಾನಿಗಳ ನೆರವಿನಿಂದ ಆಸರೆ ಮನೆಗಳು ಎದ್ದವು, ಕೆಲವರಿಗೆ ನಿಜವಾಗಿ ಸೂರು ಸಿಕ್ಕಿತು. ಆದರೆ ಎಷ್ಟೋ ಕಡೆ ಆ ಮನೆಗಳು ಖಾಲಿ ಬಿದ್ದವು. ಹೊಲ ದೂರ, ದನ ಕಟ್ಟಲು ಜಾಗ ಇಲ್ಲ, ನೀರಿಲ್ಲ. ಕೊಡುವವರಿಗೆ ಮನೆಯ ಫೋಟೊ ಸಿಕ್ಕಿತು. ಕೊಟ್ಟಿಗೆಯ ವಿಷಯ ಯಾರೂ ಕೇಳಲಿಲ್ಲ.

ಮೊತ್ತದ ವಿಷಯಕ್ಕೂ ಬರೋಣ. 2023-24ರ ಬಜೆಟ್‌ನಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 5,000 ಕೋಟಿ ರೂಪಾಯಿ ಘೋಷಿಸಿದ್ದರು. ನಟರೆಲ್ಲ ಸೇರಿ ಒಂದು ರಾತ್ರಿಯಲ್ಲಿ 5 ಕೋಟಿ ಎತ್ತಿದರೂ ಅದು ಇದರ ಸಾವಿರದಲ್ಲೊಂದು ಪಾಲು. ನೀವು ಕೂರಬೇಕಾದ ಜಾಗ ಯಾವುದು ಅಂತ ನೀವೇ ಹೇಳಿ. ನಮ್ಮ ಹಿಂದುಳಿದ ಸ್ಥಿತಿಗೆ ಅಳುವ ಮುಖದ ಸಾಕ್ಷಿಯೂ ಬೇಕಿಲ್ಲ. ನಂಜುಂಡಪ್ಪ ಸಮಿತಿ 2002ರಲ್ಲೇ ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕು ಗುರುತಿಸಿತ್ತು, ಅದರಲ್ಲಿ 21 ನಮ್ಮ ಕಲಬುರಗಿ ವಿಭಾಗದವೇ.

ನನ್ನ ನಿಜವಾದ ತಕರಾರು ಇರುವುದು ಹೊಲದಲ್ಲಿ. ಮಹಾರಾಷ್ಟ್ರದಲ್ಲಿ ಮಳೆ ಜೋರಾಗಿ ಅಲ್ಲಿನ ಉಜನಿ ಅಣೆಕಟ್ಟೆಯಿಂದ ಭೀಮೆಗೆ ನೀರು ಬಿಟ್ಟರೆ ಅಫಜಲಪುರ, ಜೇವರ್ಗಿ ಕಡೆ ತೊಗರಿ ಮುಳುಗುತ್ತದೆ. 2020ರಲ್ಲಿ ನೋಡಿದೆವು, 2025ರಲ್ಲಿ ಮತ್ತೆ ನೋಡಿದೆವು. 2025ರಲ್ಲಿ ಕೇಂದ್ರದ ಮಾನದಂಡದ ಪ್ರಕಾರ ಮಳೆಯಾಶ್ರಿತ ಬೆಳೆಗೆ ಇದ್ದ ಪರಿಹಾರ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರ್‌ವರೆಗೆ ಮಾತ್ರ. ಆ ವರ್ಷ ರಾಜ್ಯ ಸರ್ಕಾರ ಇನ್ನೊಂದು 8,500 ಸೇರಿಸಿ 17,000 ಅಂತ ಘೋಷಿಸಿತು. ಒಳ್ಳೆಯದೇ ಆಯಿತು. ಆದರೂ ಎಕರೆಗೆ ಲೆಕ್ಕ ಹಾಕಿದರೆ ಏಳು ಸಾವಿರದ ಒಳಗೆ. ಅದು ಸೇರುವುದೂ ಪಹಣಿಯಲ್ಲಿ ಹೆಸರಿರುವವರ ಖಾತೆಗೆ. ಬೇರೆಯವರ ಹೊಲ ಲಾವಣಿಗೆ (ಗುತ್ತಿಗೆಗೆ) ಹಾಕಿಕೊಂಡು, ಬೀಜ ಗೊಬ್ಬರಕ್ಕೆ ಸಾಲ ಮಾಡಿ, ಬೆಳೆ ಕಳೆದುಕೊಂಡವನ ಹೆಸರು ಪಹಣಿಯಲ್ಲಿ ಇರಲ್ಲ. ಇದನ್ನು ಯಾವ ನಟರೂ ವೇದಿಕೆ ಮೇಲೆ ಹೇಳುವುದಿಲ್ಲ. ಹೇಳಿದರೆ ಜನ ಚಾನೆಲ್ ಬದಲಿಸುತ್ತಾರೆ, ಅಲ್ವಾ? ವಿಧಾನಸಭೆಯಲ್ಲಿ ಮೈಕ್ ಇರುವುದು ಇಂಥ ಮಾತಿಗೇ.

ಇನ್ನು ನೆರೆ ಸಂತ್ರಸ್ತರನ್ನು ಇರಿಸುವ ಕಾಳಜಿ ಕೇಂದ್ರ. ಅಲ್ಲಿ ಹೆಣ್ಣುಮಕ್ಕಳು ಉಟ್ಟ ಸೀರೆಯಲ್ಲೇ ಬಂದು ಶಾಲೆಯ ವರಾಂಡದಲ್ಲಿ ಮಲಗಿರುತ್ತಾರೆ. ಕೇಳದೆ ಕ್ಯಾಮೆರಾ ಹಿಡಿಯುವುದು ತಪ್ಪು. ತಟ್ಟೆ ಹಿಡಿದು ನಿಂತವರನ್ನು ಕೇಳಿದರೆ ಬೇಡ ಅನ್ನುವ ಧೈರ್ಯ ಯಾರಿಗಿರುತ್ತದೆ? ಮಕ್ಕಳ ವಿಷಯದಲ್ಲಂತೂ ಕಾನೂನೇ ಇದೆ. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಪಾಲನೆ, ರಕ್ಷಣೆ ಬೇಕಾದ ಮಗುವಿನ ಹೆಸರು, ವಿಳಾಸ, ಶಾಲೆ, ಫೋಟೊ ಮಾಧ್ಯಮದಲ್ಲಿ ಬರಬಾರದು. ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಇದನ್ನು ಅಧಿಕಾರಿಗಳಿಗೆ ನೀವು ಮೊದಲೇ ನೆನಪಿಸಿ.

ನಟರು ಬರುವುದೇ ಬೇಡ ಅಂತ ನಾನು ಹೇಳುತ್ತಿಲ್ಲ. ಬರಲಿ, ಕೊಡಲಿ. ಕೊಟ್ಟದ್ದು ಎಷ್ಟು, ಯಾವ ಊರಿಗೆ ಏನು ಹೋಯಿತು ಎಂಬ ಪಟ್ಟಿ ಗ್ರಾಮ ಪಂಚಾಯಿತಿ ಗೋಡೆಗೆ ಅಂಟಲಿ, ಸರ್ಕಾರದ ಪರಿಹಾರದ ಪಟ್ಟಿಯೂ ಅದರ ಪಕ್ಕದಲ್ಲೇ ಇರಲಿ. ನೀವು ಮಾತ್ರ ಆ ದೊಡ್ಡ ರಟ್ಟಿನ ಚೆಕ್ಕಿನ ಒಂದು ತುದಿ ಹಿಡಿದು ನಗಬೇಡಿ. ಮುಂದಿನ ಅಧಿವೇಶನದಲ್ಲಿ ಲಾವಣಿ ರೈತರಿಗೆ ಪರಿಹಾರ ಯಾಕಿಲ್ಲ ಅಂತ ಒಂದು ಪ್ರಶ್ನೆ ಹಾಕಿ. ಸಚಿವರು ಕೊಟ್ಟ ಉತ್ತರದ ಪ್ರತಿಯನ್ನು ನಮ್ಮ ಪಂಚಾಯಿತಿಗೂ ಕಳಿಸಿಕೊಡಿ.

ಇಂತಿ,
ಭೀಮಾ ದಂಡೆಯ ಒಬ್ಬ ಮತದಾರ
ಕಲಬುರಗಿ ಜಿಲ್ಲೆ