ಹಳೆಯ ಪ್ಲೇಯರ್‌ನ ಜಾಗಕ್ಕೆ ಹೊಸದು: ಬೆಲೆಯ ಬಗ್ಗೆ ಗ್ರಾಹಕರಿಗೆ ವಿವರಣೆ

ಮಾನ್ಯ ಗ್ರಾಹಕರೇ ಮತ್ತು ಸದಸ್ಯರೇ,

ನಿಮ್ಮಲ್ಲಿ ಹೆಚ್ಚಿನವರು ಬಳಸುತ್ತಿರುವ, ಅಂಧರಿಗಾಗಿ ತಯಾರಾದ ಆಡಿಯೊ ಪುಸ್ತಕ ಪ್ಲೇಯರ್‌ನ ಮಾರಾಟವನ್ನು ಮುಂದಿನ ತಿಂಗಳಿನಿಂದ ನಿಲ್ಲಿಸಿ, ಅದರ ಜಾಗದಲ್ಲಿ ಹೊಸ ಮಾದರಿಯೊಂದನ್ನು ಕೊಡಲು ನಮ್ಮ ಸಹಕಾರ ಸಂಘವು ತೀರ್ಮಾನಿಸಿದೆ. ಹೊಸದರ ಬೆಲೆ ಹಳೆಯದಕ್ಕಿಂತ ಹೆಚ್ಚು. ಈ ಮಾತನ್ನು ಪತ್ರದ ಕೊನೆಗೆ ತಳ್ಳದೆ ಮೊದಲೇ ಹೇಳಿಬಿಡುತ್ತಿದ್ದೇವೆ. ಬೆರಳುಗಳಿಗೆ ಒಗ್ಗಿಹೋದ ಯಂತ್ರವನ್ನು ಬಿಟ್ಟು ಮತ್ತೊಂದರ ಗುಂಡಿಗಳನ್ನು ಮೊದಲಿನಿಂದ ಕಲಿಯಿರಿ ಎಂದು ಕೇಳುವುದು ಸಣ್ಣ ವಿಷಯವಲ್ಲ ಎಂಬುದು ನಮಗೆ ಗೊತ್ತು, ಆ ತೊಂದರೆಗಾಗಿ ಕ್ಷಮೆ ಕೋರುತ್ತೇವೆ. ಹಳೆಯ ಮಾದರಿಯ ಮುಖ್ಯ ಚಿಪ್‌ನ ತಯಾರಿಕೆಯೇ ನಿಂತುಹೋಗಿರುವುದರಿಂದ ಅದನ್ನು ಮುಂದುವರಿಸುವ ದಾರಿ ನಮಗೆ ಉಳಿದಿರಲಿಲ್ಲ.

ಈ ಸುದ್ದಿ ಹೊರಬಿದ್ದಂದಿನಿಂದ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ದನಿಗಳಲ್ಲಿ ಕೇಳುತ್ತಿದ್ದೇವೆ: ಪರದೆಯೇ ಇಲ್ಲದ ಯಂತ್ರಕ್ಕೆ ಇಷ್ಟು ಬೆಲೆ ಏಕೆ, ಇದೇ ಹಣಕ್ಕೆ ಒಂದು ಫೋನ್ ಬರುವುದಿಲ್ಲವೇ? ಬರುತ್ತದೆ. ಆದರೆ ಆ ಫೋನಿನ ಬೆಲೆ ಕಡಿಮೆಯಾಗಿರುವುದು ಅದೇ ಫೋನನ್ನು ಲಕ್ಷಗಟ್ಟಲೆ ತಯಾರಿಸುವುದರಿಂದ. ಪ್ಲಾಸ್ಟಿಕ್ ಕವಚಕ್ಕೂ ಗುಂಡಿಗಳಿಗೂ ಬೇಕಾದ ಲೋಹದ ಅಚ್ಚನ್ನು ಮಾಡಿಸುವ ಖರ್ಚು, ಅದರಿಂದ ಸಾವಿರ ಯಂತ್ರ ತೆಗೆದರೂ ಹತ್ತು ಲಕ್ಷ ತೆಗೆದರೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ; ನಮ್ಮಂಥ ಸಣ್ಣ ಬಳಗಕ್ಕಾಗಿ ತಯಾರಾಗುವ ಯಂತ್ರದಲ್ಲಿ ಆ ಖರ್ಚು ಕೆಲವೇ ಜನರ ತಲೆಯ ಮೇಲೆ ಬೀಳುತ್ತದೆ. ಫೋನಿನಲ್ಲಿ ಎಲ್ಲ ಗುಂಡಿಗಳ ಕೆಲಸವನ್ನೂ ಒಂದು ಗಾಜು ಮಾಡುತ್ತದೆ. ಇಲ್ಲಿ ಪ್ರತಿಯೊಂದು ಗುಂಡಿಯೂ ಬೇರೆ ಆಕಾರದಲ್ಲಿರಬೇಕು, 5ನೇ ಅಂಕಿಯ ಗುಂಡಿಯ ಮೇಲೆ ಉಬ್ಬು ಚುಕ್ಕೆ ಇರಬೇಕು, ಒತ್ತಿದ್ದು ಬೆರಳಿಗೆ ಖಚಿತವಾಗಿ ತಿಳಿಯಬೇಕು. ಇದರ ಮೇಲೆ, ಪಠ್ಯವನ್ನು ಓದಿ ಹೇಳುವ, ಮನುಷ್ಯರ ದನಿಯನ್ನು ಹೋಲುವ ಯಾಂತ್ರಿಕ ಧ್ವನಿಗೆ ಸಾಮಾನ್ಯವಾಗಿ ಪ್ರತಿ ಯಂತ್ರಕ್ಕೂ ಪರವಾನಗಿ ಶುಲ್ಕ ತೆರಬೇಕಾಗುತ್ತದೆ. ಉಚಿತವಾಗಿ ಸಿಗುವ ಇ-ಸ್ಪೀಕ್ ಧ್ವನಿ ಕನ್ನಡವನ್ನೂ ಓದುತ್ತದೆ, ಅತಿವೇಗದಲ್ಲಿ ಕೇಳುವ ಕೆಲವರು ಅದನ್ನೇ ಇಷ್ಟಪಡುತ್ತಾರೆ. ಆದರೆ ಆ ಗಡಸು ದನಿಯಲ್ಲಿ ಮುನ್ನೂರು ಪುಟಗಳ ಕಾದಂಬರಿಯನ್ನು ಕೇಳಲಾರೆವು ಎಂದು ಹೇಳಿದವರೂ ನೀವೇ. ಈ ಯಾವ ಖರ್ಚನ್ನೂ ಸಂಘ ಸೃಷ್ಟಿಸಿದ್ದಲ್ಲ, ಆದರೂ ಲಾಭಕೋರರೆಂಬ ಮಾತನ್ನು ನಾವೇ ಕೇಳಬೇಕಾಯಿತು.

ಫೋನ್ ಸಾಕು ಎನ್ನುವವರೊಂದಿಗೆ ನಮಗೆ ಜಗಳವಿಲ್ಲ. 2009ರಲ್ಲಿ ಐಫೋನ್‌ಗೆ, ಪರದೆಯ ಮೇಲಿರುವುದನ್ನು ಓದಿ ಹೇಳುವ ವಾಯ್ಸ್‌ಓವರ್ ಬಂದ ಮೇಲೆ ಅಂಧರು ಟಚ್ ಪರದೆಯನ್ನು ಬಳಸಲಾರರು ಎಂಬ ಮಾತಿಗೆ ಅರ್ಥವೇ ಉಳಿಯಲಿಲ್ಲ, ನಮ್ಮ ಕಚೇರಿಯಲ್ಲೇ ಹಲವರು ದಿನವಿಡೀ ಫೋನಿನಲ್ಲಿ ಓದುತ್ತಾರೆ. ಅಂಥವರು ಈ ಪ್ಲೇಯರ್ ಕೊಳ್ಳದಿದ್ದರೆ ನಮಗೆ ಬೇಸರವಿಲ್ಲ. ಆದರೆ ಇಳಿವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡವರು, ಬೆರಳು ನಡುಗುವವರು, ಸಕ್ಕರೆ ಕಾಯಿಲೆಯಿಂದ ಬೆರಳತುದಿಯ ಸ್ಪರ್ಶ ಮಂದವಾದವರು ಗಾಜಿನ ಮೇಲೆ ಎರಡು ಬಾರಿ ತಟ್ಟಿ, ಸವರಿ, ನಡುವೆ ಬಂದ ಕರೆಯನ್ನು ದಾಟಿ, ಕೇಳುತ್ತಿದ್ದ ಅಧ್ಯಾಯಕ್ಕೆ ಮರಳುವುದು ಸುಲಭವಲ್ಲ. ನಾವು ಯಂತ್ರವನ್ನು ಆರಿಸಿದ್ದು ಅವರನ್ನು ಮನಸ್ಸಿನಲ್ಲಿಟ್ಟುಕೊಂಡು.

ಪರೀಕ್ಷೆಯನ್ನು ಅಂಧ ಸದಸ್ಯರೇ ನಡೆಸಿದರು ಎಂಬುದನ್ನು ಹೆಮ್ಮೆಯಿಂದಲೇ ಹೇಳುತ್ತೇವೆ. ಆಯ್ಕೆಗೆ ಬಂದಿದ್ದ ಪ್ರತಿಯೊಂದು ಯಂತ್ರಕ್ಕೂ, ಅಂಧರ ಧ್ವನಿಪುಸ್ತಕಗಳಿಗಾಗಿ ರೂಪಿಸಿದ ಡೇಸಿ ಎಂಬ ಮಾದರಿಯ 2001ರ 2.02 ಆವೃತ್ತಿಯ ಒಂದು ಪುಸ್ತಕ, ಡೇಸಿ 3ರ ಒಂದು ಪುಸ್ತಕ ಮತ್ತು ಬರಿಯ ಎಂಪಿ3 ಕಡತಗಳ ಒಂದು ಫೋಲ್ಡರ್ ಕೊಟ್ಟೆವು. ಅಧ್ಯಾಯದಿಂದ ಉಪಶೀರ್ಷಿಕೆಗೆ, ಅಲ್ಲಿಂದ ಪುಟಸಂಖ್ಯೆಗೆ ಹಾರುವ ಡೇಸಿಯ ಸೌಲಭ್ಯವನ್ನು ಎಲ್ಲ ಯಂತ್ರಗಳೂ ಜಾಹೀರಾತಿನಲ್ಲಿ ಹೇಳಿಕೊಂಡಿದ್ದವು. ಆದರೆ ಅವುಗಳಲ್ಲಿ ಒಂದು ಯಂತ್ರ ಹಳೆಯ 2.02 ಪುಸ್ತಕದಲ್ಲಿ ಪುಟಸಂಖ್ಯೆಗಳನ್ನೇ ಗುರುತಿಸಲಿಲ್ಲ. ಇನ್ನೊಂದು ಎಂಪಿ3 ಫೋಲ್ಡರಿನಲ್ಲಿ 1ರ ನಂತರ 10, 11 ಎಂದು ಓದಿ, ಆಮೇಲೆ 2ಕ್ಕೆ ಬಂತು. ಪತ್ತೇದಾರಿ ಕಾದಂಬರಿಯಲ್ಲಿ ಕೊಲೆಗಾರ ಸಿಕ್ಕಿಬಿದ್ದ ಮೇಲೆ ಕೊಲೆ ನಡೆಯಿತು. ಬ್ಯಾಟರಿಯನ್ನು ಒಳಗೇ ಅಂಟಿಸಿ ಮುಚ್ಚಿದ್ದ ಯಂತ್ರವನ್ನು ಉಳಿದ ಪರೀಕ್ಷೆಗಳಿಗೂ ಕಾಯದೆ ಬದಿಗಿಟ್ಟೆವು, ಏಕೆಂದರೆ ಲಿಥಿಯಂ ಬ್ಯಾಟರಿಯ ಸಾಮರ್ಥ್ಯ ಕೆಲವು ವರ್ಷಗಳಲ್ಲಿ ಕುಗ್ಗಿಯೇ ತೀರುತ್ತದೆ, ಆಗ ಯಂತ್ರವನ್ನೇ ಎಸೆಯಬೇಕಾಗುತ್ತದೆ. ವೇಗ ಹೆಚ್ಚಿಸಿದಾಗ ದನಿ ಕೀರಲಾಗದಿರುವುದು, ಆಫ್ ಮಾಡಿ ಮತ್ತೆ ಹಚ್ಚಿದಾಗ ನಿಲ್ಲಿಸಿದ ಸಾಲಿನಿಂದಲೇ ಶುರುವಾಗುವುದು, ನಿದ್ದೆಗೆ ಜಾರುವವರಿಗಾಗಿ ತಾನಾಗಿ ನಿಲ್ಲುವ ಟೈಮರ್, ಇವೆಲ್ಲವೂ ನಾವು ಆರಿಸಿದ ಯಂತ್ರದಲ್ಲಿ ಸರಿಯಾಗಿವೆ.

ಒಂದು ಕೊರತೆಯಿದೆ. ಹಳೆಯದರಲ್ಲಿ ದೊಡ್ಡ ಎಸ್‌ಡಿ ಕಾರ್ಡ್ ಹಾಕುತ್ತಿದ್ದಿರಿ, ಹೊಸದಕ್ಕೆ ಉಗುರಿನಷ್ಟು ಚಿಕ್ಕ ಮೈಕ್ರೊ ಎಸ್‌ಡಿ ಕಾರ್ಡ್ ಬೇಕು. ಅದು ಕೈಜಾರಿ ನೆಲಕ್ಕೆ ಬಿದ್ದರೆ ಹುಡುಕುವುದು ಎಷ್ಟು ಕಷ್ಟ ಎಂದು ಪರೀಕ್ಷಿಸಿದವರು ನಮಗೆ ಕಟುವಾಗಿಯೇ ಹೇಳಿದ್ದಾರೆ. ಆದ್ದರಿಂದ ಪ್ರತಿ ಯಂತ್ರದಲ್ಲೂ 32 ಜಿಬಿಯ ಕಾರ್ಡನ್ನು ನಾವೇ ಹಾಕಿ ಕೊಡುತ್ತೇವೆ. ಅದನ್ನು ಹೊರತೆಗೆಯದೆ ಯುಎಸ್‌ಬಿ ಕೇಬಲ್ ಮೂಲಕವೇ ಪುಸ್ತಕಗಳನ್ನು ತುಂಬಿಕೊಳ್ಳಬಹುದು. ಸೆಕೆಂಡಿಗೆ 64 ಕಿಲೊಬಿಟ್‌ನ ಧ್ವನಿಮುದ್ರಣ ಗಂಟೆಗೆ ಸುಮಾರು 29 ಎಂಬಿ ಆಗುತ್ತದೆ, ಅಂದರೆ ಒಂದು ಕಾರ್ಡಿನಲ್ಲಿ ಸಾವಿರ ಗಂಟೆಗೂ ಹೆಚ್ಚು ಓದು ಹಿಡಿಸುತ್ತದೆ. ಹಳೆಯ ಕಾರ್ಡಿನಲ್ಲಿರುವುದನ್ನು ಹೊಸದಕ್ಕೆ ನಕಲು ಮಾಡಿಕೊಡಲು ಶುಲ್ಕವಿಲ್ಲ. ನೀವು ಇಟ್ಟ ಬುಕ್‌ಮಾರ್ಕ್‌ಗಳು ಮಾತ್ರ ಜೊತೆಗೆ ಬರುವುದಿಲ್ಲ. ಮುಖ್ಯವಾದವುಗಳ ಪುಟಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಹಳೆಯ ಯಂತ್ರ ಚೆನ್ನಾಗಿ ನಡೆಯುತ್ತಿದ್ದರೆ ದಯವಿಟ್ಟು ಅದನ್ನೇ ಬಳಸಿ. ಅದರ ಬ್ಯಾಟರಿ ಮತ್ತು ಬಿಡಿಭಾಗಗಳು ನಮ್ಮಲ್ಲಿ ಇರುವವರೆಗೂ ದುರಸ್ತಿ ಮಾಡಿಕೊಡುತ್ತೇವೆ. ಹೊಸದನ್ನು ಕೊಂಡವರು ಗುಂಡಿಗಳ ಪರಿಚಯಕ್ಕಾಗಿ ಯಾವ ಕೆಲಸದ ದಿನವಾದರೂ ಕರೆ ಮಾಡಬಹುದು. ಆ ಕಡೆ ಉತ್ತರಿಸುವವರು ಅದೇ ಯಂತ್ರವನ್ನು ಕೈಯಲ್ಲಿ ಹಿಡಿದು ಪರೀಕ್ಷಿಸಿದ ನಮ್ಮ ಅಂಧ ಸಹೋದ್ಯೋಗಿಗಳೇ ಆಗಿರುತ್ತಾರೆ, ಮತ್ತು ನೀವು ಮೊದಲ ಪುಸ್ತಕವನ್ನು ಹಚ್ಚುವವರೆಗೆ ಅವರು ಕರೆಯನ್ನು ಇಡುವುದಿಲ್ಲ.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ, ಸಹಕಾರ ಸಂಘದ ಪರವಾಗಿ