ಮೊದಲು ಹಾಡು ಇಡಿ, ಸನ್ಮಾನ ಆಮೇಲೆ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ಪುಣೆಯಲ್ಲಿ ನಮ್ಮ ಕನ್ನಡದವರದ್ದೇ ಒಂದು ಕಾರ್ಯಕ್ರಮಕ್ಕೆ ಅವ್ವನನ್ನು ಕರೆದುಕೊಂಡು ಹೋಗಿದ್ದೆ. ಅವ್ವನಿಗೆ 78, ಧಾರವಾಡದಲ್ಲಿ ಬೆಳೆದವಳು, ಹಿಂದೂಸ್ತಾನಿ ಸಂಗೀತ ಅಂದರೆ ಜೀವ. ಹಾರ, ಶಾಲು, ಭಾಷಣ ಅಂತ ಒಂದೂವರೆ ಗಂಟೆ ಹೋಯಿತು. ಗಾಯಕರಿಗೆ ಉಳಿದದ್ದು 20 ನಿಮಿಷ. ವಿಲಂಬಿತ, ಅಂದರೆ ನಿಧಾನ ಲಯದ ಹಾಡು, ಆಗಷ್ಟೇ ಕುದುರಿತ್ತು, ಅವ್ವ ತೊಡೆ ಮೇಲೆ ತಾಳ ಹಾಕುತ್ತಾ, ಇನ್ನೇನು ಸಮ್ (ತಾಳದ ಸುತ್ತಿನ ಮೊದಲ ಪೆಟ್ಟು) ಬಂತು ಅಂತ ಕೈ ಎತ್ತಿ ಕೂತಿದ್ದಳು, ಅಷ್ಟರಲ್ಲಿ ಬೇಗ ಮುಗಿಸಿ ಅಂತ ವೇದಿಕೆಗೆ ಚೀಟಿ ಹೋಯಿತು. ನನಗೆ ಬಹಳ ಬೇಜಾರಾಯಿತು.

ಆ ಕಾಯುವುದಿದೆಯಲ್ಲ, ಹಾಡಿನ ಖುಷಿ ಅರ್ಧ ಅದರಲ್ಲೇ ಇರೋದು. ಸುಮ್ನೆ ಹೇಳುತ್ತಿಲ್ಲ. 2011ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ರಾಬರ್ಟ್ ಜಟೋರೆ ಅವರ ತಂಡ, ಸಂಗೀತ ಕೇಳಿದರೆ ಮೈ ಜುಮ್ಮೆನ್ನುವವರನ್ನೇ ಹುಡುಕಿ, ಅವರಿಗೆ ಇಷ್ಟವಾದದ್ದನ್ನೇ ಕೇಳಿಸಿ, ಮೆದುಳನ್ನು ಸ್ಕ್ಯಾನ್ ಮಾಡಿ ನೋಡಿತು. ಹಸಿದಾಗ ಊಟ ಸಿಕ್ಕರೆ ಮೆದುಳಲ್ಲಿ ಕೆಲಸ ಮಾಡುವ ಡೋಪಮೈನ್ ಅನ್ನುವ ರಾಸಾಯನಿಕ ಇಲ್ಲೂ ಜಾಸ್ತಿಯಾಗಿತ್ತು. ಮೈ ಜುಮ್ಮೆನ್ನುವಾಗ ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಅನ್ನುವ ಭಾಗದಲ್ಲಿ. ಅದಕ್ಕೂ ಸ್ವಲ್ಪ ಮೊದಲು, ಈಗ ಬರುತ್ತೆ ಈಗ ಬರುತ್ತೆ ಅಂತ ಕಾಯುವಾಗ, ಕಾಡೇಟ್ ಅನ್ನುವ ಇನ್ನೊಂದು ಭಾಗದಲ್ಲಿ! 2019ರ ಮತ್ತೊಂದು ಪ್ರಯೋಗದಲ್ಲಿ ಡೋಪಮೈನ್ ಹೆಚ್ಚಿಸುವ ಔಷಧಿ ಕೊಟ್ಟಾಗ ಸಂಗೀತದ ಖುಷಿ ಹೆಚ್ಚಿತು, ತಡೆಯುವ ಔಷಧಿ ಕೊಟ್ಟಾಗ ತಗ್ಗಿತು.

ಹಿಂದೂಸ್ತಾನಿಯ ಖ್ಯಾಲ್ ಗಾಯನ ಕೇಳುವವರಿಗೆ ಇದು ಮೊದಲೇ ಗೊತ್ತು, ಅಲ್ವಾ? ವಿಲಂಬಿತ ಏಕತಾಳದಲ್ಲಿ ಒಂದು ಆವರ್ತನ, ಅಂದರೆ 12 ಮಾತ್ರೆಗಳ (ತಾಳದ ಎಣಿಕೆಗಳ) ಒಂದು ಸುತ್ತು, ಮುಗಿಯಲು ಎಷ್ಟೋ ಸಲ ಅರ್ಧ ನಿಮಿಷಕ್ಕಿಂತ ಜಾಸ್ತಿ ಹಿಡಿಯುತ್ತದೆ. ಗಾಯಕ ಎಲ್ಲೆಲ್ಲೋ ಅಲೆದು, ಇನ್ನು ತಪ್ಪಿಯೇ ಹೋಯಿತು ಅನ್ನಿಸುವಾಗ ಸರಿಯಾಗಿ ಸಮ್‌ಗೆ ಬಂದು ಕೂತರೆ ಇಡೀ ಸಭೆ ಒಟ್ಟಿಗೆ 'ಆಹಾ' ಅನ್ನುತ್ತದೆ. ಅದಕ್ಕೆ ಸಮಯ ಬೇಕು. ನಾಲ್ಕೈದು ಆವರ್ತನ ಕೇಳಿ ಕಿವಿ ಪಳಗಿದ ಮೇಲೇ ಕಾಯುವ ರುಚಿ ಹತ್ತುವುದು.

ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ ನಮ್ಮ ಗದಗಿನ ಭೀಮಸೇನ ಜೋಶಿಯವರು 1953ರಲ್ಲಿ ಸಂಗೀತ ಉತ್ಸವ ಶುರು ಮಾಡಿದ ಊರು ಈ ಪುಣೆ. ಆಗ ರಾತ್ರಿಯಿಡೀ ಹಾಡು ನಡೆಯುತ್ತಿತ್ತು. ಇಂಥ ಊರಲ್ಲಿ ಕನ್ನಡದವರೇ ಗಾಯಕರ ಕೈಗೆ ಗಡಿಯಾರ ಕೊಡಬಾರದು.

ರಾಜ್ಯೋತ್ಸವ ಬರುತ್ತಿದೆ. ಸಂಘಟಕರಲ್ಲಿ ನನ್ನ ವಿನಂತಿ ಇಷ್ಟೇ. ಹಾಡು ಮೊದಲು ಇಡಿ, ಒಂದು ಗಂಟೆಯಾದರೂ ಕೊಡಿ, ನಡುವೆ ಚೀಟಿ ಕಳಿಸಬೇಡಿ. ಸನ್ಮಾನ ಆಮೇಲೆ ಮಾಡಿ, ನಾವು ಎದ್ದು ಹೋಗುವುದಿಲ್ಲ. ಅವ್ವನನ್ನು ಮತ್ತೆ ಕರೆದುಕೊಂಡು ಬರುತ್ತೇನೆ.

ನಿಮ್ಮ ಓದುಗ,
ಕೋಥರೂಡ್, ಪುಣೆ