ಪಂಕ್ ಮತ್ತು ನ್ಯೂ ವೇವ್ ಹುಟ್ಟಿದ್ದು ಒಂದೇ ವೇದಿಕೆಯಲ್ಲಿ

ಮಾನ್ಯ ಸಂಪಾದಕರೆ,

ತಮ್ಮ ಪತ್ರಿಕೆಯ ಸಾಪ್ತಾಹಿಕ ಪುರವಣಿಯಲ್ಲಿ ರಾಕ್ ಸಂಗೀತವನ್ನು ಕುರಿತು ಪ್ರಕಟವಾದ ಲೇಖನವು, 1970ರ ದಶಕದ ಒರಟು, ವೇಗದ ರಾಕ್ ಶೈಲಿಯಾದ ಪಂಕ್ ತಣ್ಣಗಾದ ಮೇಲೆ ಹೆಚ್ಚು ಪ್ರಯೋಗಶೀಲವಾದ ನ್ಯೂ ವೇವ್ ಶೈಲಿ ಹುಟ್ಟಿತೆಂದೂ ಅದು ಪಂಕ್‌ನ ಸಿಟ್ಟನ್ನು ಮಾರುಕಟ್ಟೆಗೆ ಒಪ್ಪಿಸಿತೆಂದೂ ಹೇಳುತ್ತದೆ. ಕಾಲಕ್ರಮದ ಮುಂದೆ ಈ ವಾದ ನಿಲ್ಲುವುದಿಲ್ಲ.

ನ್ಯೂಯಾರ್ಕಿನ ಬೋವರಿ ರಸ್ತೆಯಲ್ಲಿ 1973ರ ಕೊನೆಗೆ ಆರಂಭವಾದ ಸಿಬಿಜಿಬಿ ಕ್ಲಬ್ಬಿನಲ್ಲಿ ರಮೋನ್ಸ್, ಟೆಲಿವಿಷನ್, ಬ್ಲಾಂಡಿ, ಟಾಕಿಂಗ್ ಹೆಡ್ಸ್ ತಂಡಗಳು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಹಾಡುತ್ತಿದ್ದವು. ಇಂದು ನ್ಯೂ ವೇವ್‌ನ ಮಾದರಿಯೆನಿಸಿರುವ ಟಾಕಿಂಗ್ ಹೆಡ್ಸ್ 1975ರಲ್ಲಿ ಮೊದಲ ಬಾರಿಗೆ ಅಲ್ಲಿ ಕಾಣಿಸಿಕೊಂಡದ್ದೇ ಪಂಕ್ ತಂಡವಾದ ರಮೋನ್ಸ್‌ ಕಾರ್ಯಕ್ರಮದ ಆರಂಭಿಕ ತಂಡವಾಗಿ. ಇಬ್ಬರ ಧ್ವನಿಮುದ್ರಿಕೆಗಳನ್ನೂ ಹೊರತಂದದ್ದು ಸೈರ್ ರೆಕಾರ್ಡ್ಸ್. ಪಂಕ್ ಎಂದೊಡನೆ ರೇಡಿಯೋ ಕೇಂದ್ರಗಳು ಹಿಂಜರಿಯುತ್ತಿದ್ದುದರಿಂದ, ಆ ಕಂಪನಿಯ ಮುಖ್ಯಸ್ಥ ಸೆಮೂರ್ ಸ್ಟೈನ್ 1977ರಲ್ಲಿ ತಮ್ಮ ತಂಡಗಳನ್ನು ನ್ಯೂ ವೇವ್ ಎಂದು ಪರಿಚಯಿಸಲು ಮುಂದಾದರು. ಗೆರೆ ಎಳೆದದ್ದು ಮಾರಾಟಗಾರರೇ ಹೊರತು ವಾದಕರಲ್ಲ.

ಹಾಗೆಂದು ಎರಡೂ ಒಂದೇ ಎನ್ನಲಾಗದು. ರಮೋನ್ಸ್‌ನ ಮೊದಲ ಆಲ್ಬಮ್ಮಿನ 14 ಹಾಡುಗಳು ಅರ್ಧ ಗಂಟೆಯೊಳಗೆ ಮುಗಿಯುತ್ತವೆ. ಬೇಡವಾದುದನ್ನೆಲ್ಲ ಕಿತ್ತೊಗೆಯುವುದು ಪಂಕ್‌ನ ಕೆಲಸವಾಗಿತ್ತು. ಪಾಂಡಿತ್ಯವಿಲ್ಲದವರೂ ನುಡಿಸಬಹುದೆಂದು ಒಮ್ಮೆ ಸಾಬೀತಾದ ಮೇಲೆ ಗಿಟಾರನ್ನೇ ನುಡಿಸಬೇಕೆಂಬ ಕಟ್ಟುಪಾಡೂ ಉಳಿಯಲಿಲ್ಲ. 1976ರ ಜೂನ್‌ನಲ್ಲಿ ಮ್ಯಾಂಚೆಸ್ಟರಿನಲ್ಲಿ ನಡೆದ ಬ್ರಿಟಿಷ್ ಪಂಕ್ ತಂಡ ಸೆಕ್ಸ್ ಪಿಸ್ಟಲ್ಸ್ ಕಾರ್ಯಕ್ರಮಕ್ಕೆ ಬಂದಿದ್ದವರು ತೀರಾ ಕಡಿಮೆ. ಅವರಲ್ಲಿದ್ದ ಬರ್ನಾರ್ಡ್ ಸಮ್ನರ್ ಮತ್ತು ಪೀಟರ್ ಹುಕ್ ಮುಂದೆ ಜಾಯ್ ಡಿವಿಷನ್ ತಂಡ ಕಟ್ಟಿದರು, ಗಾಯಕ ಇಯಾನ್ ಕರ್ಟಿಸ್ 1980ರಲ್ಲಿ ತೀರಿಕೊಂಡ ಮೇಲೆ ನ್ಯೂ ಆರ್ಡರ್ ಎಂಬ ಹೊಸ ಹೆಸರಿನಲ್ಲಿ ಸಿಂಥಸೈಜರ್ ಎಂಬ ಎಲೆಕ್ಟ್ರಾನಿಕ್ ವಾದ್ಯದ ಕಡೆಗೆ, ನೃತ್ಯಸಂಗೀತದ ಕಡೆಗೆ ಹೊರಳಿದರು. ಬ್ರಿಟಿಷ್ ಗಾಯಕ ಗ್ಯಾರಿ ನ್ಯೂಮನ್ ಅವರ ಕಥೆ ಇನ್ನೂ ಸೊಗಸು: ಪಂಕ್ ಆಲ್ಬಮ್ ಮಾಡಲೆಂದು ಸ್ಟುಡಿಯೋಗೆ ಹೋದ ಅವರಿಗೆ ಬೇರೆ ಯಾರೋ ಬಿಟ್ಟುಹೋಗಿದ್ದ ಸಿಂಥಸೈಜರ್ ಕಣ್ಣಿಗೆ ಬಿತ್ತು, 1979ರಲ್ಲಿ ಅವರ ಹಾಡು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಇವರಾರೂ ಪಂಕ್‌ಗೆ ಬೆನ್ನು ತಿರುಗಿಸಿದವರಲ್ಲ, ಅದು ಕೊಟ್ಟ ಸಲುಗೆಯನ್ನು ಬಳಸಿಕೊಂಡವರು.

1981ರಲ್ಲಿ ಸಂಗೀತ ವಿಡಿಯೋಗಳ ಟಿವಿ ವಾಹಿನಿ ಎಂಟಿವಿ ಬಂದ ಮೇಲೆ ಕೆಲವು ತಂಡಗಳಿಗೆ ರಾಗಕ್ಕಿಂತ ಕೇಶವಿನ್ಯಾಸವೇ ಮುಖ್ಯವಾಯಿತೆಂಬ ಲೇಖಕರ ದೂರನ್ನು ನಾನೂ ಒಪ್ಪುತ್ತೇನೆ. ಆದರೆ ಆ ಅಳತೆಗೋಲು ಪಂಕ್‌ಗೂ ಅನ್ವಯಿಸಬೇಕಲ್ಲವೆ? ಸೆಕ್ಸ್ ಪಿಸ್ಟಲ್ಸ್ ತಂಡದ ವ್ಯವಸ್ಥಾಪಕ ಮಾಲ್ಕಮ್ ಮೆಕ್ಲಾರೆನ್ ಲಂಡನ್ನಿನ ಕಿಂಗ್ಸ್ ರೋಡಿನಲ್ಲಿ ಬಟ್ಟೆ ಅಂಗಡಿ ನಡೆಸುತ್ತಿದ್ದವರು. ತಂಡದ ಮೊದಲ ಬಾಸ್ ವಾದಕ ಗ್ಲೆನ್ ಮ್ಯಾಟ್ಲಾಕ್ ಅಲ್ಲಿಯೇ ಕೆಲಸಕ್ಕಿದ್ದರು.

ಇಂತಿ,
ತಮ್ಮ ಓದುಗ